ನೆರೆಯ ಜಗಳದ ನುಡಿಪಾಠ

2025ರ ಮೇ ತಿಂಗಳ ನಡುಭಾಗ. ಭಾರತ ಪಾಕಿಸ್ತಾನಗಳ ನಡುವೆ ನಾಲ್ಕು ದಿನ ಮೊಳಗಿದ ಮದ್ದುಗುಂಡಿನ ಸದ್ದು ಆಗತಾನೆ ಅಡಗಿತ್ತು. ಮುಳಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಸಂಜೆ ಪತ್ರಿಕೆ ಓದುತ್ತ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಪದವಿ ಮುಗಿಸಿ ಸರಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ಹುಡುಗಿ, ಒಕ್ಕಲುತನದ ಮನೆತನ, ಅಣ್ಣ ಸೈನ್ಯದಲ್ಲಿ, ಆಗ ಜಮ್ಮುವಿನ ಕಡೆಗೆ ಇದ್ದ. ಅವಳ ಕೈಯಲ್ಲಿ ಒಂದು ನೋಟುಬುಕ್ಕು. ಪ್ರತಿಯೊಂದು ಹಾಳೆಯಲ್ಲಿಯೂ ಗೆರೆ ಎಳೆದು ಮೂರು ಅಂಕಣ ಮಾಡಿದ್ದಳು: ಮೊದಲನೆಯದರಲ್ಲಿ ತಾರೀಖು, ಎರಡನೆಯದರಲ್ಲಿ ಇಂಗ್ಲಿಷ್ ಪದ, ಮೂರನೆಯದರಲ್ಲಿ ಕನ್ನಡದ ಅರ್ಥ. ಅಬೆಯನ್ಸ್, ಎಸ್ಕಲೇಷನ್, ರಿಟ್ಯಾಲಿಯೇಷನ್, ಕ್ಯಾಶುವಲ್ಟಿ, ಸೀಸ್‌ಫೈರ್, ವಯೊಲೇಷನ್ - ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಅಂದಿನವರೆಗೆ ಅರವತ್ತಕ್ಕೂ ಮಿಕ್ಕಿ ಪದಗಳು.

“ಸರ್, ಈ ಮೂರು ವಾರದಾಗ ಕಲಿತಷ್ಟು ಇಂಗ್ಲಿಷ್ ನಾನು ಮೂರು ವರ್ಷ ಕಾಲೇಜಿನಾಗ ಕಲಿತಿದ್ದಿಲ್ರೀ” ಎಂದಳು. ಹೇಳಿದವಳ ಮುಖದಲ್ಲಿ ಹೆಮ್ಮೆಯಿತ್ತು. ಅದರ ಬೆನ್ನಿಗೇ ಏನೋ ಸಂಕೋಚವೂ ಇತ್ತು. ಸಂಕೋಚದ ಕಾರಣವನ್ನು ಆಮೇಲೆ ಹೇಳಿದಳು. ಆ ನಾಲ್ಕು ದಿನ ಅವಳ ತಾಯಿ ಟೀವಿಯ ಮುಂದಿನಿಂದ ಎದ್ದಿರಲಿಲ್ಲ. ಕನ್ನಡದ ವಾರ್ತೆಯಲ್ಲಿಯೇ ಮಾತುಮಾತಿಗೆ ‘ಎಸ್ಕಲೇಷನ್’ ಎಂಬ ಶಬ್ದ ಬರುತ್ತಿತ್ತು. ತಾಯಿ ಮಗಳನ್ನು ಕೇಳಿದಳಂತೆ: “ಹಂಗಂದ್ರ ಏನವ್ವಾ? ಅದು ಅಣ್ಣಗ ಚಲೋದೋ ಕೆಟ್ಟದ್ದೋ?” ಮಗಳ ನೋಟುಬುಕ್ಕಿನಲ್ಲಿ ಉತ್ತರವಿತ್ತು: ‘ಉಲ್ಬಣ, ತೀವ್ರೀಕರಣ’. ಆದರೆ ಆ ಉತ್ತರವನ್ನು ತಾಯಿಗೆ ಹೇಳಲು ಬಾಯಿ ಬರಲಿಲ್ಲ. “ಅವ್ವಗ ಹೇಳೂ ಅಂಥ ಕನ್ನಡ ಇದಕ್ಕ ಏನೈತ್ರೀ ಸರ್?” ಎಂಬುದು ಅವಳು ಹೊತ್ತು ತಂದ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರವನ್ನು ಕೊನೆಯಲ್ಲಿ ಹೇಳುವೆನು. ಅದಕ್ಕೂ ಮೊದಲು, ನೆರೆಯ ದೇಶಗಳ ಜಗಳದಿಂದ ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವ ಈ ಪದ್ಧತಿಯನ್ನು ವಾಚಕರೊಡನೆ ಕೂಡಿ ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಪದ್ಧತಿಯೇನೂ ಹೊಸದಲ್ಲ. ನಮ್ಮ ಹಿರಿಯರು 1965 ಹಾಗೂ 1971ರ ಯುದ್ಧಗಳ ದಿನಗಳಲ್ಲಿ ರೇಡಿಯೋದ ಸುತ್ತ ಕುಳಿತು ಇಂಗ್ಲಿಷ್ ವಾರ್ತೆಗೆ ಕಿವಿಗೊಡುತ್ತ ಎಷ್ಟೋ ಶಬ್ದಗಳನ್ನು ಕಲಿತರು. ನಾನು ವಿದ್ಯಾರ್ಥಿಯಾಗಿದ್ದಾಗ, 1999ರಲ್ಲಿ, ಕಾರ್ಗಿಲ್ಲಿನ ಯುದ್ಧ ನಡೆಯಿತು. ‘ಇನ್‌ಫಿಲ್ಟ್ರೇಷನ್’ ಎಂಬ ಪದ ನನಗೆ ದೊರೆತದ್ದು ಶಬ್ದಕೋಶದಿಂದಲ್ಲ, ಆ ಬೇಸಗೆಯ ಪತ್ರಿಕೆಗಳಿಂದ. ನೆರೆಯವರೊಡನೆ ನಡೆದ ಒಂದೊಂದು ಜಗಳವೂ ಇಳಿದುಹೋಗುವಾಗ ಒಂದೆರಡು ಪದಗಳನ್ನು ನಮ್ಮ ದಂಡೆಯ ಮೇಲೆ ಬಿಟ್ಟು ಹೋಗಿದೆ. 2016ರಲ್ಲಿ ‘ಸರ್ಜಿಕಲ್ ಸ್ಟ್ರೈಕ್’ ಬಂದಿತು. 2017ರಲ್ಲಿ ಡೋಕ್ಲಾಮ್‌ನಲ್ಲಿ ಭಾರತ ಹಾಗೂ ಚೀನದ ಸೈನಿಕರು 73 ದಿನ ಎದುರುಬದುರು ನಿಂತಾಗ ‘ಸ್ಟ್ಯಾಂಡ್‌ಆಫ್’ ಬಂದಿತು. 2019ರಲ್ಲಿ ಬಾಲಾಕೋಟದ ನಂತರ ‘ಪ್ರಿಯೆಂಪ್ಟಿವ್’ ಬಂದಿತು. 2020ರಲ್ಲಿ ಗಲ್ವಾನ್ ಕಣಿವೆಯ ದುರಂತದ ತರುವಾಯ ‘ಡಿಸ್‌ಎಂಗೇಜ್‌ಮೆಂಟ್’ ಬಂದಿತು. ಸುಖವಾಗಿರುವ ಮನೆಯ ಮಾತು ಓಣಿಗೆ ಕೇಳಿಸುವುದಿಲ್ಲ. ಜಗಳದ ಮನೆಯ ಮಾತು ಅಗಸೆಯವರೆಗೆ ಕೇಳಿಸುತ್ತದೆ. ದೇಶಗಳ ಸಂಗತಿಯೂ ಹಾಗೆಯೇ.

ಪಾಠ ಹೇಳುವವನಾಗಿ ಈ ಪದ್ಧತಿಯ ಗುಣವನ್ನು ನಾನು ಒಪ್ಪಿಕೊಳ್ಳಲೇಬೇಕು. ಕಂಠಪಾಠ ಮಾಡಿದ ಪದ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ವಾರ್ತೆಯ ಪದ ಹಾಗಲ್ಲ. ಇಂದು ಮೊದಲ ಪುಟದಲ್ಲಿ, ನಾಳೆ ಸಂಪಾದಕೀಯದಲ್ಲಿ, ನಾಡಿದ್ದು ಇನ್ನೊಬ್ಬರ ಬಾಯಿಯಲ್ಲಿ, ಹತ್ತು ಸಂದರ್ಭಗಳಲ್ಲಿ ಹತ್ತು ಸಲ ಎದುರಾಗಿ ತಾನಾಗಿಯೇ ನೆಲೆಗೊಳ್ಳುತ್ತದೆ. ಮೇಲಾಗಿ ಅದರ ಹಿಂದೆ ಭಯವಿದೆ, ಆಸೆಯಿದೆ. ಮನಸ್ಸು ಮಿಡಿದಲ್ಲಿ ನೆನಪು ನಿಲ್ಲುತ್ತದೆ. ನಮ್ಮ ಸಣ್ಣ ಊರುಗಳ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಎಂಬುದು ಇಂದಿಗೂ ನೌಕರಿಯ ಬಾಗಿಲಿನ ಚಿಲಕ. ಅದನ್ನು ಅವರು ಎಲ್ಲಿಂದ ಕಲಿತರೂ ಕೊಂಕು ನುಡಿಯುವ ಅಧಿಕಾರ ನಮಗಿಲ್ಲ.

ಆದರೂ ಒಂದು ಮಾತನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ಪಠ್ಯಪುಸ್ತಕದ ಪದಕ್ಕೆ ಪಕ್ಷವಿಲ್ಲ. ಜಗಳದಿಂದ ಎತ್ತಿಕೊಂಡ ಪದಕ್ಕೆ ಪಕ್ಷವಿದೆ. ಅದು ಯಾರದೋ ಬಾಯಿಯಿಂದ, ಯಾವುದೋ ಉದ್ದೇಶಕ್ಕಾಗಿ, ತೂಗಿ ಅಳೆದು ಹೊರಟ ಪದ. ಅದರ ಅರ್ಥವನ್ನಷ್ಟೇ ಬರೆದುಕೊಂಡು ಉದ್ದೇಶವನ್ನು ಬಿಟ್ಟರೆ ನಾವು ಅರ್ಧ ಪದವನ್ನು ಮಾತ್ರ ಕಲಿತಂತಾಯಿತು. ಇದನ್ನು ಉದಾಹರಣೆಗಳಿಂದ ನೋಡೋಣ.

ಆ ನೋಟುಬುಕ್ಕಿನ ಮೊದಲ ಪದ ‘ಅಬೆಯನ್ಸ್’. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದಿಂದ ಹೋದ ಪ್ರವಾಸಿಗರೂ ಇದ್ದರು. ಮರುದಿನವೇ ಭಾರತ ಸರಕಾರವು ಸಿಂಧೂ ಜಲ ಒಪ್ಪಂದವನ್ನು ‘ಅಬೆಯನ್ಸ್’ನಲ್ಲಿ ಇರಿಸಿರುವುದಾಗಿ ಸಾರಿತು. ಈ ಒಪ್ಪಂದಕ್ಕೆ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಜವಾಹರಲಾಲ ನೆಹರೂ ಹಾಗೂ ಅಯೂಬ್ ಖಾನ್ ಇವರು ಸಹಿ ಮಾಡಿದ್ದರು. ನಡುವೆ ನಿಂತು ಮಾತು ಕುದುರಿಸಿದ್ದು ವಿಶ್ವಬ್ಯಾಂಕು. ರಾವಿ, ಬಿಯಾಸ್, ಸಟ್ಲೆಜ್ ನದಿಗಳ ನೀರು ಭಾರತಕ್ಕೆ. ಸಿಂಧೂ, ಝೀಲಂ, ಚೀನಾಬ್ ನದಿಗಳ ನೀರು ಬಹುಮಟ್ಟಿಗೆ ಪಾಕಿಸ್ತಾನಕ್ಕೆ ಎಂಬುದು ಅದರ ತಿರುಳು. 1965, 1971, 1999ರ ಮೂರು ಯುದ್ಧಗಳು ನಡೆದರೂ ಅದು ಕಡಿಯದೆ ಉಳಿದಿತ್ತು. ಎರಡೂ ಸರಕಾರಗಳು ಕೂಡಿ ಇನ್ನೊಂದು ಒಪ್ಪಂದ ಮಾಡಿಕೊಂಡೇ ಇದನ್ನು ಕೊನೆಗಾಣಿಸಬೇಕೆಂದು ಅದರ ಹನ್ನೆರಡನೆಯ ವಿಧಿ ಹೇಳುತ್ತದೆ. ‘ಅಬೆಯನ್ಸ್’ ಎಂಬ ಪದ ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ; ದೇಶದೇಶಗಳ ಒಪ್ಪಂದಗಳಿಗೆ ಸಂಬಂಧಪಟ್ಟ 1969ರ ವಿಯೆನ್ನಾ ನಿಯಮಾವಳಿಯಲ್ಲಿಯೂ ಇಲ್ಲ. ಅಲ್ಲಿರುವುದು ಕೊನೆಗೊಳಿಸುವ ಮಾತು, ತಡೆದಿರಿಸುವ ಮಾತು. ಅಂದ ಮೇಲೆ ಕಡಿದದ್ದೂ ಅಲ್ಲ, ಉಳಿಸಿದ್ದೂ ಅಲ್ಲ ಎಂಬಂಥ ನಡುವಿನ ನೆಲೆಗಾಗಿ ಈ ಪದವನ್ನು ಆರಿಸಿ ತಂದಂತೆ ತೋರುತ್ತದೆ. ಒಂದು ದಿನ ಕಳೆಯುವುದರೊಳಗಾಗಿ ಪಾಕಿಸ್ತಾನವೂ 1972ರ ಸಿಮ್ಲಾ ಒಪ್ಪಂದವೂ ಸೇರಿ ಎಲ್ಲ ದ್ವಿಪಕ್ಷೀಯ ಒಪ್ಪಂದಗಳನ್ನು ಇದೇ ‘ಅಬೆಯನ್ಸ್’ನಲ್ಲಿ ಇರಿಸುವ ಹಕ್ಕು ತನಗುಂಟೆಂದು ಸಾರಿತು. ಅಟ್ಟಾರಿಯ ಗಡಿಬಾಗಿಲು ಮುಚ್ಚಿತು. ಪದ ಮಾತ್ರ ತಡೆಯಿಲ್ಲದೆ ಗಡಿ ದಾಟಿತು.

ಕನ್ನಡದ ವಾರ್ತೆಗಳಲ್ಲಿ ಇದಕ್ಕೆ ಮೂರು ಬಗೆಯ ಮಾತು ಬಂದವು: ‘ರದ್ದು’, ‘ಸ್ಥಗಿತ’, ‘ಅಮಾನತು’. ಮೂರೂ ಒಂದೇ ಅಲ್ಲ. ರದ್ದಾದದ್ದು ಇಲ್ಲವಾಯಿತು, ಸ್ಥಗಿತವಾದದ್ದು ನಿಂತಿತು, ಅಮಾನತಿನಲ್ಲಿ ಇಟ್ಟದ್ದು ಎಂದಾದರೂ ಮರಳಿ ಕೈಗೆ ಬರಬಹುದು. ಅಮಾನತು ಎಂಬುದು ಅರಬ್ಬಿಯಿಂದ ಹೊರಟು ಉರ್ದುವಿನ ಮೂಲಕ ನಮ್ಮ ಕಚೇರಿಗಳಿಗೆ ಬಂದ ಶಬ್ದ. ನಂಬಿಕೆಯ ಮೇಲೆ ಒಬ್ಬರ ಬಳಿ ಇಟ್ಟ ವಸ್ತು ಎಂಬುದು ಅದರ ಮೂಲಾರ್ಥ. ನಂಬಿಕೆ ಮುರಿದ ಸಂಗತಿಯನ್ನು ಹೇಳಲು ನಂಬಿಕೆಯ ಶಬ್ದವೇ ಒದಗಿ ಬಂದದ್ದು ಎಂಥ ವಿಚಿತ್ರ! ಅದರಲ್ಲಿಯೂ ಅದು ಎರಡೂ ದೇಶಗಳ ಜನರಿಗೆ ತಿಳಿಯುವ ಶಬ್ದ. ‘ರದ್ದು’ ಎಂದು ಓದಿದ ವಿದ್ಯಾರ್ಥಿಗೂ ‘ಅಮಾನತು’ ಎಂದು ಓದಿದ ವಿದ್ಯಾರ್ಥಿಗೂ ಅಂದು ನಡೆದದ್ದು ಎರಡು ಬೇರೆ ಘಟನೆಗಳೇ ಆದವು.

ಎರಡನೆಯದು ‘ಸೀಸ್‌ಫೈರ್’. ಮೇ 10ರ ಸಂಜೆ ಈ ಪದವನ್ನು ಜಗತ್ತಿಗೆ ಮೊದಲು ಸಾರಿದವರು ಅಮೆರಿಕದ ಅಧ್ಯಕ್ಷರು. ಅದಾದ ಬಳಿಕ ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರು ಹೇಳಿದ್ದಿಷ್ಟು: ಪಾಕಿಸ್ತಾನದ ಸೈನಿಕ ಕಾರ್ಯಾಚರಣೆಯ ಮಹಾನಿರ್ದೇಶಕರು ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ನಮ್ಮ ಮಹಾನಿರ್ದೇಶಕರಿಗೆ ಫೋನು ಮಾಡಿದರು, ಸಂಜೆ 5 ಗಂಟೆಯಿಂದ ನೆಲ, ಬಾನು, ಕಡಲುಗಳಲ್ಲಿ ಗುಂಡು ಹಾರಿಸುವುದನ್ನೂ ಸೈನಿಕ ಕ್ರಮಗಳನ್ನೂ ನಿಲ್ಲಿಸಲು ಇಬ್ಬರೂ ಒಪ್ಪಿದರು. ವಿದೇಶಾಂಗ ಸಚಿವರು ಇದನ್ನು ‘ಅಂಡರ್‌ಸ್ಟ್ಯಾಂಡಿಂಗ್’ ಎಂದು ಕರೆದರು. ನಮ್ಮ ಹುಡುಗಿ ಅದೇ ಪದವನ್ನು ‘ತಿಳಿವಳಿಕೆ’ ಎಂದು ಬರೆದುಕೊಂಡು, ಯುದ್ಧಕ್ಕೂ ತಿಳಿವಳಿಕೆಗೂ ಏನು ಸಂಬಂಧವೆಂದು ಬೆರಗಾಗಿದ್ದಳು. ಸಂಬಂಧವಿದೆ. ಮೂರನೆಯವರು ಬಂದು ಜಗಳ ಬಿಡಿಸಿದರೆಂಬ ಭಾವನೆ ಬಾರದಂತೆ, ಇಬ್ಬರೇ ಮಾತಾಡಿಕೊಂಡು ನಿಲ್ಲಿಸಿದೆವೆಂಬುದನ್ನು ಆ ಪದ ಹೇಳುತ್ತದೆ. ತಮ್ಮ ತಂಟೆಯನ್ನು ತಾವಿಬ್ಬರೇ ಮಾತಿನಿಂದ ಬಗೆಹರಿಸಿಕೊಳ್ಳಬೇಕೆಂಬುದು ಸಿಮ್ಲಾ ಒಪ್ಪಂದದ ಕಾಲದಿಂದ ಭಾರತ ಹಿಡಿದು ಬಂದ ನಿಲುವು. ಆ ರಾತ್ರಿಯೇ ಮತ್ತೆ ಗುಂಡು ಹಾರಿದಾಗ ನಮ್ಮ ಅಧಿಕಾರಿಗಳು ‘ವಯೊಲೇಷನ್’ ಎಂದದ್ದು ಈ ತಿಳಿವಳಿಕೆಯ ಉಲ್ಲಂಘನೆಯನ್ನು ಕುರಿತೇ.

ಕನ್ನಡದ ಪತ್ರಿಕೆಗಳು ಇದನ್ನು ‘ಕದನ ವಿರಾಮ’ ಎಂದವು. ವ್ಯಾಕರಣ ಕಲಿಸುವ ನನಗೆ ಈ ಶಬ್ದದ ಮೇಲೆ ಬಹಳ ಪ್ರೀತಿ. ವಿರಾಮದಲ್ಲಿ ಅಲ್ಪವಿರಾಮವೂ ಉಂಟು, ಪೂರ್ಣವಿರಾಮವೂ ಉಂಟು. ಕದನಕ್ಕೆ ಬಿದ್ದದ್ದು ಯಾವುದು? ಶಬ್ದ ಹೇಳುವುದಿಲ್ಲ, ಮುಂದಿನ ವಾಕ್ಯವನ್ನು ನೋಡಿಯೇ ತಿಳಿಯಬೇಕು. ಕೊರಿಯದಲ್ಲಿ 1953ರ ಜುಲೈ 27ರಂದು ಯುದ್ಧ ನಿಂತಿತು. ಸೆರೆಯಾಳುಗಳನ್ನು ಅವರವರ ನಾಡಿಗೆ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಆಯೋಗದ ಕೆಲಸ ಮುಗಿಯಿತು, ತಿಮ್ಮಯ್ಯನವರು ಮರಳಿ ಬಂದರು. ಆದರೆ ಆ ‘ಆರ್ಮಿಸ್ಟಿಸ್’ನ ಮುಂದೆ ಬರಬೇಕಾಗಿದ್ದ ಶಾಂತಿಯ ಒಪ್ಪಂದ ಏಳು ದಶಕ ಕಳೆದರೂ ಬರಲಿಲ್ಲ. ಅಲ್ಪವಿರಾಮವೇ ಅಷ್ಟು ದೀರ್ಘವಾಯಿತು.

ಇನ್ನು ಗೆರೆಗಳ ವಿಷಯ. ಪರೀಕ್ಷೆಗೆ ಓದುವವರು ಎಲ್.ಒ.ಸಿ., ಎಲ್.ಎ.ಸಿ. ಎಂಬ ಅಕ್ಷರಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. 1949ರಲ್ಲಿ ಕಾಶ್ಮೀರದಲ್ಲಿ ಎಳೆದದ್ದು ಕದನ ವಿರಾಮದ ರೇಖೆ. 1971ರ ಯುದ್ಧದ ತರುವಾಯ ಸಿಮ್ಲಾ ಒಪ್ಪಂದದಿಂದ ಅದು, ಅಲ್ಲಲ್ಲಿ ಬದಲಾಗಿ, ‘ಲೈನ್ ಆಫ್ ಕಂಟ್ರೋಲ್’ ಆಯಿತು. ಅರ್ಥಾತ್ ಗಡಿ ನಿಯಂತ್ರಣ ರೇಖೆ. ಚೀನದೊಡನೆ ಇರುವುದು ‘ಲೈನ್ ಆಫ್ ಆಕ್ಚುವಲ್ ಕಂಟ್ರೋಲ್’, ವಾಸ್ತವ ನಿಯಂತ್ರಣ ರೇಖೆ. ಆ ‘ಆಕ್ಚುವಲ್’ ಎಂಬ ಒಂದು ಪದದಲ್ಲಿಯೇ ಎಲ್ಲ ತೊಡಕೂ ಅಡಗಿದೆ. ವಾಸ್ತವವಾಗಿ ಯಾರು ಎಲ್ಲಿದ್ದಾರೆ ಎಂಬುದರಲ್ಲಿಯೇ ಇಬ್ಬರಿಗೂ ಒಮ್ಮತವಿಲ್ಲ. ಜಮ್ಮುವಿಗೂ ಸಿಯಾಲಕೋಟಕ್ಕೂ ನಡುವಿನ ಗಡಿಯನ್ನು ನಾವು ‘ಇಂಟರ್‌ನ್ಯಾಷನಲ್ ಬಾರ್ಡರ್’ ಎನ್ನುತ್ತೇವೆ. ಪಾಕಿಸ್ತಾನವು ‘ವರ್ಕಿಂಗ್ ಬೌಂಡರಿ’ ಎನ್ನುತ್ತದೆ. ಒಬ್ಬರ ಬಾಯಿಯಲ್ಲಿ ಗಟ್ಟಿಯಾದ ಗಡಿ, ಇನ್ನೊಬ್ಬರ ಬಾಯಿಯಲ್ಲಿ ಸದ್ಯದ ಬಳಕೆಗಿರುವ ಸೀಮೆ. ಮಣ್ಣು ಒಂದೇ, ಮುಳ್ಳುತಂತಿ ಒಂದೇ, ಹೆಸರು ಎರಡು. ಎರಡನ್ನೂ ಸಮಾನಾರ್ಥಕ ಪದಗಳೆಂದು ಒಂದೇ ಸಾಲಿನಲ್ಲಿ ಬರೆದುಕೊಂಡವನು ಆ ಜಗಳವನ್ನು ತಿಳಿಯಲೇ ಇಲ್ಲ.

ಕ್ರಮಗಳನ್ನು ಬಣ್ಣಿಸುವ ಮಾತುಗಳಲ್ಲಿ ಇದು ಇನ್ನೂ ಸ್ಪಷ್ಟ. 2019ರ ಫೆಬ್ರುವರಿ 26ರಂದು ಬಾಲಾಕೋಟದ ಮೇಲೆ ನಮ್ಮ ವಿಮಾನಗಳು ಬಾಂಬು ಹಾಕಿದ ದಿನ ಅಂದಿನ ವಿದೇಶಾಂಗ ಕಾರ್ಯದರ್ಶಿ ವಿಜಯ್ ಗೋಖಲೆ ಅವರು ಅದನ್ನು ‘ನಾನ್-ಮಿಲಿಟರಿ ಪ್ರಿಯೆಂಪ್ಟಿವ್ ಆಕ್ಷನ್’ ಎಂದರು. ವಾಯುಸೇನೆ ಮಾಡಿದ್ದು ಸೈನಿಕವಲ್ಲದ್ದು ಹೇಗಾದೀತು ಎಂದು ಶಬ್ದಕೋಶ ಹಿಡಿದವನು ತಬ್ಬಿಬ್ಬಾಗುತ್ತಾನೆ. ಮಾಡಿದವರು ಸೈನಿಕರಲ್ಲ ಎಂಬುದು ಅದರ ಅಭಿಪ್ರಾಯವಲ್ಲ. ಗುರಿ ಪಾಕಿಸ್ತಾನದ ಸೈನ್ಯವಲ್ಲ, ಆದ್ದರಿಂದ ಇದನ್ನು ಯುದ್ಧವೆಂದು ಬಗೆಯಬೇಡಿರಿ ಎಂದು ಆಚೆಯವರಿಗೂ ಜಗತ್ತಿಗೂ ಕಳುಹಿಸಿದ ಸೂಚನೆ ಅದು. 2025ರ ಮೇ 7ರ ಪ್ರಕಟಣೆಯಲ್ಲಿ ಬಂದ ‘ನಾನ್-ಎಸ್ಕಲೇಟರಿ’ ಎಂಬುದೂ ಇದೇ ಜಾತಿಯ ಪದ. ಆ ದಿನ ಕಂಡ ಇನ್ನೊಂದು ಸ್ವಾರಸ್ಯವಿದೆ. ಕಾರ್ಯಾಚರಣೆಗೆ ಇಟ್ಟ ಹೆಸರು ‘ಸಿಂದೂರ’. ಅದನ್ನು ತಿಳಿಯಲು ಮುಳಗುಂದದ ಯಾವ ಅಜ್ಜಿಗೂ ಶಬ್ದಕೋಶ ಬೇಕಾಗಲಿಲ್ಲ. ಪಾಕಿಸ್ತಾನವೂ ಮೇ 10ರ ತನ್ನ ಪ್ರತಿಕಾರ್ಯಾಚರಣೆಗೆ ‘ಬುನ್ಯಾನ್ ಉಮ್ ಮರ್ಸೂಸ್’ ಎಂಬ, ಭದ್ರವಾದ ಗೋಡೆಯನ್ನು ನೆನಪಿಗೆ ತರುವ ಅರಬ್ಬಿ ಹೆಸರನ್ನಿಟ್ಟಿತು. ಹೃದಯವನ್ನು ಕಲಕಬೇಕಾದ ಹೆಸರು ಮನೆಯ ಮಾತಿನಲ್ಲಿ; ಜಗತ್ತಿಗೆ ಕೊಡಬೇಕಾದ ಸಮಜಾಯಿಷಿ ಇಂಗ್ಲಿಷಿನಲ್ಲಿ. ಎರಡೂ ಕಡೆಯವರು ಈ ಒಂದು ವಿಷಯದಲ್ಲಿ ಒಂದೇ ಹಾದಿ ಹಿಡಿದರು.

ಇಷ್ಟರಿಂದ, ರಾಜ್ಯಗಳು ಆಡುವ ಮಾತೆಲ್ಲ ಮೋಸವೆಂದು ಯಾರೂ ತಿಳಿಯಬಾರದು. ಅಸ್ಪಷ್ಟತೆಯೆಲ್ಲ ವಂಚನೆಯಲ್ಲ. ‘ಕಡಿದೆ’ ಎಂದು ಬಿಟ್ಟರೆ ಮತ್ತೆ ಕೂಡಿಸುವುದು ಕಠಿಣ. ‘ಅಮಾನತು’ ಎಂದರೆ ಮರಳಿ ಬರಲು ಒಂದು ಕಾಲುದಾರಿ ಉಳಿಯುತ್ತದೆ. ಜಗಳದ ನಡುವೆಯೂ ಮರ್ಯಾದೆ ಕೆಡದಂತೆ ಇಬ್ಬರಿಗೂ ಹಿಂದೆ ಸರಿಯಲು ಎಡೆ ಮಾಡಿಕೊಡುವುದು ಇಂಥ ಪದಗಳ ಉಪಕಾರ. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಚಾಲುಕ್ಯರ ಆಳಿಕೆಯಲ್ಲಿ ನೆರೆರಾಜ್ಯಗಳೊಡನೆ ಕೂಡುವ, ಕಾದುವ ವ್ಯವಹಾರವನ್ನು ನೋಡಿಕೊಳ್ಳುವ ಮಂತ್ರಿಗೆ ‘ಸಂಧಿವಿಗ್ರಹಿ’ ಎಂಬ ಹೆಸರು. ಸಂಧಿಯೆಂದರೆ ಕೂಡುವುದು, ವಿಗ್ರಹವೆಂದರೆ ಬಿಡಿಸುವುದು. ರಾಜನೀತಿಗೂ ವ್ಯಾಕರಣಕ್ಕೂ ಅವೇ ಎರಡು ಶಬ್ದ. ಅರ್ಥಶಾಸ್ತ್ರವು ಹೇಳುವ ಆರು ಉಪಾಯಗಳಲ್ಲಿ ‘ಆಸನ’ ಎಂಬುದೊಂದಿದೆ: ಮುಂದೆ ನುಗ್ಗದೆ, ಹಿಂದೆಯೂ ಸರಿಯದೆ, ಸಮಯ ಕಾದು ಕುಳಿತಿರುವುದು. ‘ಸ್ಟ್ಯಾಂಡ್‌ಆಫ್’ ಎಂಬುದಕ್ಕೆ ಇದು ಬಹಳ ಸಮೀಪ. ಇಂಗ್ಲಿಷಿನವರು ನಿಂತರು, ನಮ್ಮವರು ಕುಳಿತರು, ಅಷ್ಟೇ ಭೇದ.

ಆ ಸಂಧಿವಿಗ್ರಹಿಗಳಲ್ಲಿ ಒಬ್ಬನು ಕನ್ನಡಕ್ಕೆ ‘ಪಂಚತಂತ್ರ’ವನ್ನು ಕೊಟ್ಟ ದುರ್ಗಸಿಂಹ, ಇಮ್ಮಡಿ ಜಯಸಿಂಹನ ಆಸ್ಥಾನದವನು, ಅವನ ಊರು ಸಯ್ಯಡಿಯನ್ನು ವಿದ್ವಾಂಸರು ನಮ್ಮ ಜಿಲ್ಲೆಯ ರೋಣದ ಬಳಿಯ ಸವಡಿಯೆಂದು ಗುರುತಿಸುತ್ತಾರೆ. ನೆರೆಯ ಅರಸರ ಓಲೆಗಳನ್ನು ಓದಿದ ಮನುಷ್ಯ ಕಥೆ ಹೇಳಲು ಕುಳಿತಾಗ ಮೊದಲು ಎತ್ತಿಕೊಂಡದ್ದು ಭೇದದ ಪ್ರಕರಣವನ್ನು. ಕಾಡಿನ ಅರಸನಾದ ಸಿಂಹ ನೀರು ಕುಡಿಯಲು ಬಂದಾಗ ಎಂದೂ ಕೇಳದ ಒಂದು ಕೂಗನ್ನು ಕೇಳಿ ಹೆದರುತ್ತದೆ. ಕೂಗಿದ್ದು ಒಂದು ಎತ್ತು. ಆ ಸದ್ದಿನ ಅರ್ಥವನ್ನು ಸಿಂಹಕ್ಕೆ ಹೇಳಲು ನರಿ ನಡುವೆ ಬರುತ್ತದೆ. ಮೊದಲು ಇಬ್ಬರಿಗೂ ಗೆಳೆತನ ಮಾಡಿಸಿ, ಆಮೇಲೆ ಇವನ ಮಾತನ್ನು ಅವನಿಗೂ ಅವನ ಮಾತನ್ನು ಇವನಿಗೂ ತಿರುಚಿ ಹೇಳಿ ಕೊಲ್ಲಿಸುತ್ತದೆ. ಅರ್ಥವಾಗದ ಸದ್ದಿಗೆ ಹೆದರಿದವನು ಅರ್ಥ ಹೇಳುವವನ ಕೈಗೆ ಸಿಕ್ಕಿಬೀಳುತ್ತಾನೆ ಎಂಬುದು ಆ ಕಥೆಯ ಪಾಠವೆಂದು ನಾನು ತಿಳಿಯುತ್ತೇನೆ. ಟೀವಿಯ ಮುಂದೆ ಕುಳಿತು ‘ಎಸ್ಕಲೇಷನ್’ ಎಂಬ ಸದ್ದಿಗೆ ಬೆದರಿದ ತಾಯಿಯ ಸ್ಥಿತಿ ಇದಕ್ಕಿಂತ ಬೇರೆಯೇ?

ಅಂಥ ತಾಯಂದಿರಿಗೆ ಅತ್ಯಂತ ಕ್ರೂರವಾದ ಪದ ‘ಕ್ಯಾಶುವಲ್ಟಿ’. ನಮ್ಮ ಜನ ಅದನ್ನು ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಕಂಡವರು; ಅಪಘಾತವಾದವರನ್ನು ಮೊದಲು ಒಯ್ಯುವ ಕೋಣೆ ಅದು. ಯುದ್ಧದ ವಾರ್ತೆಯಲ್ಲಿ ಅದರೊಳಗೆ ಸತ್ತವರೂ ಗಾಯಗೊಂಡವರೂ ಒಟ್ಟಿಗೆ ಸೇರಿರುತ್ತಾರೆ. ಆ ಅಂಕಿಯನ್ನು ಸತ್ತವರದೆಂದೇ ಓದಿ ಅಳುವ ಮನೆಗಳನ್ನು ನಾನು ಕಂಡಿದ್ದೇನೆ. ‘ನ್ಯೂಟ್ರಲೈಸ್ಡ್’ ಎಂಬ ಪದವಾದರೋ ಕೊಂದ ಸಂಗತಿಯನ್ನು ಲೆಕ್ಕದ ಪುಸ್ತಕಕ್ಕೆ ಏರಿಸಿಬಿಡುತ್ತದೆ. ಕೊಂದವರು ಯಾರು, ಸತ್ತವರು ಯಾರು ಎಂಬುದು ಅದರಲ್ಲಿಲ್ಲ.

ಇಲ್ಲಿಯೇ ಕನ್ನಡ ನಮಗೆ ಒರೆಗಲ್ಲಾಗುತ್ತದೆ. ನಮ್ಮ ಕ್ರಿಯಾಪದಕ್ಕೆ ಕರ್ತೃವಿನ ಮೇಲೆ ಬಹಳ ಕಾಳಜಿ. ಕೊಂದನು, ಕೊಂದಳು, ಕೊಂದರು ಎಂದು ಮಾಡಿದವರ ಲಿಂಗ ವಚನಗಳನ್ನು ಬಾಲದಲ್ಲಿ ಕಟ್ಟಿಕೊಂಡೇ ಅದು ಹೊರಡುತ್ತದೆ. ಕರ್ಮಣಿ ಪ್ರಯೋಗ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಅದು ಆಡುಮಾತಿನದಲ್ಲ. ‘ಕೊಲ್ಲಲ್ಪಟ್ಟರು’ ಎಂದು ಯಾವ ಹಳ್ಳಿಗನೂ ಹೇಳಲಾರ. ಗಲ್ವಾನ್‌ದಲ್ಲಿ 2020ರ ಜೂನ್ 15ರ ರಾತ್ರಿ ನಮ್ಮ 20 ಮಂದಿ ಸೈನಿಕರು ಸತ್ತರು. ಅದನ್ನು ‘ಫೇಸ್‌ಆಫ್’ ಎಂದು ಬರೆದುಕೊಂಡರೆ ಪರೀಕ್ಷೆಗೆ ಸಾಕು. ‘ಕೈಕೈ ಮಿಲಾಯಿಸಿ ಹೊಡೆದಾಡಿದರು, ನಮ್ಮ ಇಪ್ಪತ್ತು ಮಕ್ಕಳು ಸತ್ತರು’ ಎಂದು ಹೇಳಿದಾಗಲೇ ಅದು ನಮಗೆ ತಿಳಿಯುವುದು. ಆದುದರಿಂದ ನೆರೆಯ ಜಗಳದಿಂದ ಬಂದ ಇಂಗ್ಲಿಷ್ ಪದವೊಂದನ್ನು, ಯಾರು ಯಾರಿಗೆ ಏನು ಮಾಡಿದರು ಎಂಬ ಒಂದು ಕನ್ನಡ ವಾಕ್ಯವಾಗಿ ಮನೆಯ ಹಿರಿಯರಿಗೆ ಹೇಳಲು ಬಂದಾಗ ಮಾತ್ರ ಅದನ್ನು ಕಲಿತೆವೆಂದು ತಿಳಿಯಬೇಕು. ಹಾಗೆ ಹೇಳಲು ಬಾರದಿದ್ದರೆ, ಒಂದೋ ನಮಗೆ ಅದು ತಿಳಿದಿಲ್ಲ, ಇಲ್ಲವೇ ಆ ಪದ ಏನನ್ನೋ ಮುಚ್ಚಿಟ್ಟಿದೆ.

ಇದು ಇಂಗ್ಲಿಷನ್ನು ಹೊರಗಟ್ಟುವ ಮಾತಲ್ಲ. ಇದೇ ಮುಳಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನ, ಕನ್ನಡ ಕಾವ್ಯಕ್ಕೆ ಸಂಸ್ಕೃತವನ್ನು ಸಿಕ್ಕಾಪಟ್ಟೆ ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಗೇಲಿ ಮಾಡಿದ. ಸಂಸ್ಕೃತದ ಪದಗಳು ಅವನಲ್ಲಿಯೂ ಬೇಕಾದಷ್ಟಿವೆ. ಅವನ ತಕರಾರು ಎರವಲಿನ ಮೇಲಲ್ಲ, ಕೇಳುವವನಿಗೆ ಅರ್ಥವಾಗದಂತೆ ಬೆರೆಸುವುದರ ಮೇಲೆ ಎಂದು ನನಗೆ ತೋರುತ್ತದೆ. ಅವನು ಸಾಲುಸಾಲಾಗಿ ಪೋಣಿಸಿದ ಉಪಮೆಗಳು ಒಕ್ಕಲು ಮನೆಗಳಿಂದ, ಸಂತೆ ಬೀದಿಗಳಿಂದ ಎತ್ತಿಕೊಂಡವು. ತಿಳಿಯಬೇಕಾದವರಿಗೆ ತಿಳಿಯಲಿ ಎಂಬುದೇ ಅವನ ಹಟ.

ನಾವು ಮನಸ್ಸು ಮಾಡಿದರೆ ಪರಭಾಷೆಯ ಪದವನ್ನು ಎಷ್ಟು ಚೆನ್ನಾಗಿ ಪಳಗಿಸಬಲ್ಲೆವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಅದು ದೇಶದೇಶಗಳ ಜಗಳವಲ್ಲ, ನೆರೆರಾಜ್ಯಗಳ ಜಗಳ. ಆದರೂ ನೀರಿನದೇ ಜಗಳ. ಮಹದಾಯಿ ನದಿಯ ನೀರಿಗಾಗಿ ಗೋವೆ, ಮಹಾರಾಷ್ಟ್ರ, ಕರ್ನಾಟಕಗಳ ನಡುವೆ ವ್ಯಾಜ್ಯ ನಡೆದು, ನರಗುಂದದಲ್ಲಿ 2015ರಿಂದ ರೈತರು ಧರಣಿ ಕುಳಿತರು. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು. ಅದರ ಇಂಗ್ಲಿಷ್ ಹೆಸರು ‘ಅವಾರ್ಡ್’. ಶಾಲೆಯ ಮಕ್ಕಳಿಗೆ ಅವಾರ್ಡ್ ಎಂದರೆ ಬಹುಮಾನ. ಯಾರಿಗೆ ಬಹುಮಾನ ಬಂತು ಎಂದು ಕೇಳಿದವರೂ ಉಂಟು. ಕನ್ನಡದ ಪತ್ರಿಕೆಗಳು ಅದನ್ನು ‘ಐತೀರ್ಪು’ ಎಂದವು. ಐವರು ಕೂಡಿ ನ್ಯಾಯ ಹೇಳುವ ಪಂಚಾಯಿತಿಯ ಕಟ್ಟೆ ಆ ಶಬ್ದದಲ್ಲಿ ಕಂಡಂತಾಗುತ್ತದೆ. ಧರಣಿಯ ಪೆಂಡಾಲಿನಲ್ಲಿ ಕುಳಿತ ರೈತರು ಟಿ.ಎಂ.ಸಿ., ಟ್ರಿಬ್ಯೂನಲ್, ಗೆಜೆಟ್ ನೋಟಿಫಿಕೇಷನ್ ಎಂಬ ಪದಗಳನ್ನು ಒಂದೂ ತಪ್ಪಿಲ್ಲದೆ ಆಡುತ್ತಿದ್ದರು. ಅವರು ಶಬ್ದಕೋಶ ನೋಡಿದವರಲ್ಲ. ಆ ಪದಗಳ ಹಿಂದೆ ತಮ್ಮ ಹೊಲವಿತ್ತು. ಯಾರು ಕೊಡಬೇಕು, ಯಾರು ತಡೆದಿದ್ದಾರೆ, ಎಷ್ಟು ಬರಬೇಕು ಎಂಬುದು ಅವರಿಗೆ ಗೊತ್ತಿತ್ತು. ಕರ್ತೃ, ಕರ್ಮ, ಕ್ರಿಯೆ ಮೂರೂ ಗೊತ್ತಿದ್ದ ಮೇಲೆ ಪದ ಯಾವ ಭಾಷೆಯದಾದರೇನು?

ಆದುದರಿಂದ ಅಂದು ನನ್ನ ವಿದ್ಯಾರ್ಥಿನಿಗೆ ನೋಟುಬುಕ್ಕನ್ನು ಮುಚ್ಚಲು ನಾನು ಹೇಳಲಿಲ್ಲ. ಇನ್ನೆರಡು ಅಂಕಣ ಎಳೆಯಲು ಹೇಳಿದೆ. ನಾಲ್ಕನೆಯ ಅಂಕಣದಲ್ಲಿ, ಆ ಪದವನ್ನು ಮೊದಲು ಆಡಿದವರು ಯಾರು? ಐದನೆಯದರಲ್ಲಿ, ಎದುರಿನವರು ಅದೇ ಸಂಗತಿಯನ್ನು ಏನೆಂದು ಕರೆಯುತ್ತಾರೆ? ಮೂರನೆಯ ಅಂಕಣದಲ್ಲಿ ಬರಿಯ ಅರ್ಥವನ್ನು ಬರೆಯದೆ, ಮಾಡಿದವರು ಯಾರೆಂಬುದು ತಿಳಿಯುವ ಒಂದು ವಾಕ್ಯವನ್ನು ಬರೆಯಬೇಕು. ಯುದ್ಧದ ಸಮಯದಲ್ಲಿ ಇಂಥ ಪ್ರಶ್ನೆಗಳನ್ನು ಕೇಳುವುದು ದೇಶಕ್ಕೆ ಮಾಡುವ ದ್ರೋಹವಲ್ಲವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರಿಗೆ ನನ್ನ ಉತ್ತರವಿಷ್ಟೇ: ಈ ಪ್ರಶ್ನೆಯನ್ನು ಮೊದಲು ಕೇಳಿದವಳು ಸೈನಿಕನ ತಾಯಿ.

‘ಎಸ್ಕಲೇಷನ್’ ಎಂಬುದನ್ನು ಕುರಿತು ಅವಳಿಗೆ ನಾನು ತಿಳಿದಷ್ಟನ್ನು ಹೇಳಿದೆ. ಅದರ ಬೇರು ಲ್ಯಾಟಿನ್ನಿನ ಏಣಿಯಲ್ಲಿದೆ. ಪಟ್ಟಣದ ಅಂಗಡಿಗಳಲ್ಲಿ ತಾನೇ ಏರುವ ಮೆಟ್ಟಿಲಿಗೆ ‘ಎಸ್ಕಲೇಟರ್’ ಎನ್ನುವರಲ್ಲ, ಅದರಿಂದ ಹುಟ್ಟಿದ ಪದ. ಅವನೊಂದು ಮೆಟ್ಟಿಲು ಏರಿದರೆ ಇವನೊಂದು ಮೆಟ್ಟಿಲು ಏರುವುದು. ಹುಡುಗಿ ತಲೆಯಾಡಿಸಿ ಮನೆಗೆ ಹೋದಳು. ಎರಡು ದಿನ ಬಿಟ್ಟು ಮತ್ತೆ ಬಂದಾಗ ಮೂರನೆಯ ಅಂಕಣವನ್ನು ತೋರಿಸಿದಳು. ‘ಉಲ್ಬಣ, ತೀವ್ರೀಕರಣ’ ಎಂಬುದನ್ನು ಹೊಡೆದು ಹಾಕಿ, ತಾಯಿಯ ಮಾತನ್ನೇ ಬರೆದುಕೊಂಡಿದ್ದಳು. ಏಣಿಯ ಸಂಗತಿಯನ್ನೆಲ್ಲ ಕೇಳಿದ ಮೇಲೆ ಆ ತಾಯಿ ಅಂದದ್ದು ಇಷ್ಟಂತೆ: “ಅಂದ್ರ ಜಗಳಾ ಏರೂದು ಅನ್ನು. ಏರಿದ ಮ್ಯಾಲೆ ಇಳೀಬೇಕಲ್ಲ, ಮೊದಲ ಯಾರು ಇಳೀತಾರಂತ?”

ನಾಲ್ಕನೆಯ ಹಾಗೂ ಐದನೆಯ ಅಂಕಣಗಳು ಅಲ್ಲಿ ಇನ್ನೂ ಖಾಲಿಯಿದ್ದವು.